ನೀಮಾಳ ಏಳು ಗಂಟೆ

ಮೌನಪ್ಪಜ್ಜನವರು ಉಪದೇಶ ಕೊಡುತ್ತಿದ್ದದ್ದು ಬೆಳಗಿನಲ್ಲಿ ಮಾತ್ರ. ಹೊಳೆದಂಡೆಯ ಆ ಆಶ್ರಮದಲ್ಲಿ ಈ ನಿಯಮವನ್ನು ಅಜ್ಜನವರಿಗಿಂತ ಬಿಗಿಯಾಗಿ ಹಿಡಿದವನು ಅವರ ಶಿಷ್ಯ ಸಂಗಯ್ಯ. ಗಡಿಯಾರಕ್ಕೆ ಕೀಲಿ ಕೊಡುವವನು ಅವನೇ. ಹಾಗಾಗಿ ಹೊತ್ತೆಲ್ಲ ತನ್ನದೇ ಎಂದುಕೊಂಡಿದ್ದ.

ಒಮ್ಮೆ ತಾಂಜಾನಿಯಾ ದೇಶದಿಂದ ನೀಮಾ ಎಂಬ ಹೆಣ್ಣುಮಗಳು ಉಪದೇಶಕ್ಕೆಂದು ಬಂದಳು. ಅದಕ್ಕಾಗಿಯೇ ಕಷ್ಟಪಟ್ಟು ಕನ್ನಡ ಕಲಿತಿದ್ದಳು. ಮರುದಿನ ಸಂಜೆಯೇ ಅವಳು ತನ್ನ ದೇಶಕ್ಕೆ ಹೊರಡಬೇಕಿತ್ತು.

"ನಾಳೆ ಏಳಕ್ಕ ಬರ್ರಿ," ಎಂದ ಸಂಗಯ್ಯ. "ತಡ ಆತಂದ್ರ ಉಪದೇಶ ಇಲ್ಲ."

ಮರುದಿನ ಏಳಾಯಿತು, ಎಂಟಾಯಿತು. ನೀಮಾಳ ಸುಳಿವಿಲ್ಲ. ಅಜ್ಜನವರು ಮಾತ್ರ ಕೂತಲ್ಲೇ ಕೂತಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ಅವಳು ಬಂದಳು. ತಲೆಗೆ ನೀರು ಹಾಕಿಕೊಂಡು, ಹೊಸ ಬಟ್ಟೆ ಉಟ್ಟು, ಮುಖದ ತುಂಬ ನಗು.

ಸಂಗಯ್ಯ ಬಾಗಿಲಿಗೆ ಅಡ್ಡ ನಿಂತ. "ನಿಮಗ ಹೊತ್ತುಗೊತ್ತು ಏನಾರ ಐತೇನ್ರಿ? ಏಳಕ್ಕ ಅಂದಿದ್ದೆ."

"ಈಗ ಏಳೇ ಅಲ್ಲವೇ?"

"ಒಂದು."

ಅವಳ ಮುಖ ಬಾಡಿತು. "ನಮ್ಮಲ್ಲಿ ಸೂರ್ಯ ಮೂಡಿದ ಮೇಲೆ ಎಣಿಸುತ್ತೇವೆ. ಮೂಡಿ ಒಂದು ತಾಸಾದರೆ ಒಂದು ಗಂಟೆ. ಆ ಲೆಕ್ಕದಲ್ಲಿ ಈಗ ಏಳು." ಕಣ್ಣು ತುಂಬಿ ಬಂತು. "ನನಗೆ ಇನ್ನೊಂದು ಬೆಳಗು ಇಲ್ಲ, ಅಣ್ಣ."

ಸಂಗಯ್ಯನಿಗೆ ಪಾಪ ಅನಿಸಿತು. ಆದರೂ ನಿಯಮ ಬಿಡಲು ಮನಸ್ಸಾಗಲಿಲ್ಲ. ಒಳಗೆ ತಿರುಗಿ ಕೇಳಿದ, "ಅಜ್ಜಾರ, ಮಧ್ಯಾಹ್ನ ಆಗೇತ್ರಿ. ಇವರನ್ನ ವಾಪಸ್ ಕಳಸ್ಲೇನ್ರಿ?"

ಅಜ್ಜನವರು ಎಲ್ಲ ಕೇಳಿಸಿಕೊಂಡಿದ್ದರು. "ತಮ್ಮಾ, ಅಕಿ ಸೂರ್ಯ ಮೂಡಿದ ಮ್ಯಾಲೆ ಎಣಸ್ತಾಳ. ನೀ ಯಾವಾಗಿಂದ ಎಣಸ್ತಿ?"

"ನಡುರಾತ್ರಿಯಿಂದ್ರಿ."

"ಆವಾಗ ನೀ ಏನ್ ಮಾಡ್ತಿರ್ತಿ?"

ಸಂಗಯ್ಯ ತಲೆ ಕೆರೆದುಕೊಂಡ. "ಗೊರಕಿ ಹೊಡೀತಿರ್ತೀನ್ರಿ."

"ಮತ್ತ ಎಣಿಸಿದವರು ಯಾರು?"

ಸಂಗಯ್ಯ ತಾನು ಕೀಲಿ ಕೊಡುವ ಗಡಿಯಾರದತ್ತ ನೋಡಿದ. ಆಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ನೋಡಿ ನೀಮಾ ಕಣ್ಣೊರೆಸಿಕೊಂಡು ನಕ್ಕಳು. ಅಜ್ಜನವರ ಹೊಟ್ಟೆ ಕುಲುಕಾಡಿತು. ಆಶ್ರಮ ಇಂಥ ನಗು ಕೇಳಿ ಬಹಳ ದಿನವಾಗಿತ್ತು.

ಸಂಗಯ್ಯ ಬಾಗಿಲು ಬಿಟ್ಟು ಸರಿದ. ನೀಮಾ ಒಳಗೆ ಬಂದು ಅಜ್ಜನವರ ಮುಂದೆ ಕೂತಳು.

ಸಂಗಯ್ಯ ಮೆಲ್ಲಗೆ ಕೇಳಿದ, "ಆದರ ಅಜ್ಜಾರ, ಉಪದೇಶ ಬೆಳಗಿನ್ಯಾಗ ಅಲ್ಲೇನ್ರಿ?"

ಅಜ್ಜನವರು ಎದ್ದು, ನೀಮಾಳ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿದರು.

"ಬಾ, ನೀನೂ ಕುಂದ್ರು. ನಿನಗ ಈಗಷ್ಟ ಬೆಳಗಾಗೇತಿ."