ಯಾರದ್ದೂ ಅಲ್ಲದ ಗಿಡ

ಸಣ್ಣಮ್ಮನಿಗೆ ಇದ್ದವನು ಒಬ್ಬನೇ ಮಗ, ಮರಿಸಿದ್ದ. ಆಳು ನೋಡಿದರೆ ಆರಡಿ, ಬುದ್ಧಿ ನೋಡಿದರೆ ಗೇಣುದ್ದವೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು.

ಮನೆ ಹಿಂದಿನ ಬಯಲಲ್ಲಿ ಪಾರ್ಥೇನಿಯಂ ಮೊಣಕಾಲುದ್ದ ಬೆಳೆದಿತ್ತು. ಮುಟ್ಟಿದರೆ ಸಣ್ಣಮ್ಮನಿಗೆ ಮೈಯೆಲ್ಲ ನವೆ. ಅವಳ ಹಸು ಗೌರಿ ಅದನ್ನೇ ಮೇದು ಬಂದು ಹಾಲೆಲ್ಲ ಕಹಿ ಕಹಿ! ಡೇರಿಯವರು ಕ್ಯಾನನ್ನು ಹಿಂದಕ್ಕೆ ಕಳಿಸಿದರು. ಹೀಗೇ ಆದರೆ ಗೌರಿಯನ್ನು ಮಾರಬೇಕಾದೀತಲ್ಲ ಅಂತ ಅವಳಿಗೆ ಸಂಕಟ.

"ಮಗ, ಹರಕು ಎಲೆ, ಚಿಕ್ಕ ಬಿಳಿ ಹೂವು, ನೋಡ್ಕೊಂಡು ಎಲ್ಲಾ ಕಿತ್ತಾಕು! ಬರಿಗೈಲಿ ಮುಟ್ಟಬ್ಯಾಡ, ಬಟ್ಟೆ ಸುತ್ಕೊ!"

"ಆಗಲವ್ವ!"

ಕೈಗೆ ಬಟ್ಟೆ ಸುತ್ತಿಕೊಂಡು ಹೊರಟ. ಮೊದಲು ಸಿಕ್ಕಿದ್ದು ಪಕ್ಕದ ಮನೆ ಪುಟ್ತಾಯಮ್ಮನ ಕೊತ್ತಂಬರಿ ಮಡಿ, ಬೀಜಕ್ಕೆಂದು ಹೂವಿಗೆ ಬಿಟ್ಟದ್ದು. ಹರಕು ಎಲೆ, ಚಿಕ್ಕ ಬಿಳಿ ಹೂವು! ಒಂದೂ ಬಿಡದೆ ಕಿತ್ತ.

ಪುಟ್ತಾಯಮ್ಮ ಬೀದಿ ಎರಡಾಗುವಂತೆ ಕೂಗಿದಳು. ಸಣ್ಣಮ್ಮ ತಲೆ ಚಚ್ಚಿಕೊಂಡಳು.

"ಥೂ, ಮೂಗಿಲ್ವೇನೋ ನಿಂಗೆ? ಕೊತ್ತಂಬರಿ ಘಮ ಗೊತ್ತಾಗ್ಲಿಲ್ವಾ? ಕೀಳೋಕೆ ಮುಂಚೆ ಇದು ಯಾರ್ದು ಅಂತ ಕೇಳಬೇಕು ಕಣೋ!"

"ಹಂಗೇ ಕೇಳ್ತೀನವ್ವ!"

ಮಾರನೇ ದಿನ ಬಯಲಲ್ಲಿ ನಿಂತು ಹೋಗಿ ಬರುವವರನ್ನೆಲ್ಲ ಕೇಳಿದ. "ಈ ಗಿಡ ನಿಮ್ದಾ?" ಮೇಷ್ಟ್ರು "ನಂದಲ್ಲಪ್ಪ" ಅಂದರು. ಪಂಚಾಯ್ತಿ ಮೆಂಬರು "ನಮ್ದಲ್ಲ" ಅಂದರು. ಪುಟ್ತಾಯಮ್ಮ "ನನ್ನ ಹತ್ರ ಬಂದ್ರೆ ಜೋಕೆ!" ಅಂದಳು. ಮರಿಸಿದ್ದ ಒಂದು ಎಲೆಯನ್ನೂ ಕೀಳದೆ ಮನೆಗೆ ಬಂದು, ಬಟ್ಟೆ ಸುತ್ತಿದ ಕೈಯಲ್ಲೇ ಮುದ್ದೆ ಮುರಿದ.

"ಯಾರ್ದೂ ಅಲ್ವಂತವ್ವ! ಇನ್ಯಾರನ್ನ ಕೇಳ್ಲಿ?"

"ಅಯ್ಯೋ ಮಂಕೆ! ಯಾರ್ದೂ ಅಲ್ಲ ಅಂದ್ರೆ ನಮ್ದೇ ಅಂದ್ಕೊಂಡು ನಾವೇ ನೋಡ್ಕೋಬೇಕು!"

"ಹಂಗೇ ನೋಡ್ಕೋತೀನವ್ವ!"

ನೋಡಿಕೊಂಡ ನೋಡಿ! ಬಯಲಿನ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದ. ಕೊಡ ಕೊಡ ನೀರು ಹೊತ್ತು ಹುಯ್ದ. ಊರವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಳನಳಿಸ್ತಾವೆ ನೋಡವ್ವ, ನಮ್ ಗಿಡ!"

ಸಣ್ಣಮ್ಮ ಪೊರಕೆ ಎತ್ತಿಕೊಂಡಳು. ಆದರೆ ಬೇಲಿ ದಾಟಲಾರದ ಗೌರಿ ಒಣಹುಲ್ಲು ತಿಂದುಕೊಂಡೇ ಇದ್ದಳು. ಎರಡು ದಿನದಲ್ಲಿ ಹಾಲು ಸಿಹಿಯಾಯಿತು, ಡೇರಿಯವರು ತಕರಾರಿಲ್ಲದೆ ಅಳೆದುಕೊಂಡರು. ಸಣ್ಣಮ್ಮನಿಗೆ ನಗು ತಡೆಯಲಾಗಲಿಲ್ಲ. ಪೆದ್ದನಾದರೇನು, ಗೌರಿ ಉಳಿದಳಲ್ಲ! ಜೊತೆಗೆ ನೀರು ಕುಡಿದ ಮಣ್ಣು ಮೆತ್ತಗಾಗಿ, ಗಿಡ ಎಳೆದರೆ ಬೇರು ಸಮೇತ ಬರುತ್ತಿತ್ತು.

ಮಗನ ಬೆನ್ನು ಸವರಿ ಹೇಳಿದಳು. "ಬೀಜ ಉದುರೋಕೆ ಮುಂಚೆ ಮುಗಿಸ್ಬಿಡು ಮಗ. ನಾನು ಡೇರಿಯಿಂದ ಬರೋ ಹೊತ್ಗೆ ಬೇಲಿ ಒಳಗೆ ಒಂದು ಗಿಡಾನೂ ಇರಕೂಡ್ದು!"

"ಒಂದೂ ಇರಲ್ಲವ್ವ!"

ಸಂಜೆ ಅವಳು ಬಂದಾಗ ಅಂಗಳದ ತುಂಬ ಮುಳ್ಳಿನ ರಾಶಿ. ಗೌರಿ ನೆಟ್ಟಗೆ ಬಯಲಿನ ಕಡೆ ಹೊರಟಿದ್ದಳು. ಸಣ್ಣಮ್ಮ ಓಡಿಹೋಗಿ ಹಗ್ಗ ಹಿಡಿದು ನಿಂತಳು.

"ಬೇಲಿ ಎಲ್ಲೋ?"

ಮರಿಸಿದ್ದ ಬಟ್ಟೆ ಸುತ್ತಿದ ಕೈಯಲ್ಲಿ ಬೆವರೊರೆಸಿಕೊಂಡ.

"ಕಿತ್ತಾಕ್ದೆ! ಈಗ ಬೇಲಿ ಒಳಗೆ ಒಂದೇ ಒಂದು ಗಿಡಾನೂ ಇಲ್ಲ ನೋಡವ್ವ!"