ಗೋಡೆ ಮೇಲಿನ ಗೋಲ್‌ಕೀಪರ್

ಭದ್ರಾವತಿಯ ತಿಪ್ಪೇಶನ ಕ್ಷೌರದಂಗಡಿ ಸೋರುತ್ತಿತ್ತು. ಮಳೆಗಾಲದಲ್ಲಿ ಗಿರಾಕಿಗಳ ತಲೆಗೆ ನೀರು ಚಿಮುಕಿಸುವ ಕೆಲಸವನ್ನು ಸೂರೇ ಮಾಡುತ್ತಿತ್ತು. ರಿಪೇರಿ ಮಾಡಿಸಿ ಎಂದಾಗಲೆಲ್ಲ ಕಟ್ಟಡದ ಮಾಲೀಕ ಗುರುಮೂರ್ತೆಪ್ಪನವರದು ಒಂದೇ ಉತ್ತರ: "ಅಂಗಡಿ ಒಳಗಿನದ್ದೆಲ್ಲ ನಿನ್ನ ತಲೆನೋವು."

ಅವರಿಗೆ ಇದ್ದದ್ದು ಬೇರೆ ತಲೆನೋವು. ಹಿಂದೆ ಬಬಲ್‌ಗಮ್ ಜೊತೆ ಬರುತ್ತಿದ್ದ ಫುಟ್‌ಬಾಲ್ ಆಟಗಾರರ ಕಾರ್ಡುಗಳನ್ನು ಅವರು ಕೂಡಿಡುತ್ತಿದ್ದರು. ಹಸಿರು ಅಂಗಿಯ ಗೋಲ್‌ಕೀಪರನ ಕಾರ್ಡೂ ಇತ್ತು, ಆದರೆ ಅದರ ಹಿಂಬದಿಯ ಅಕ್ಷರ ನೀಲಿ. ಅದೇ ಗೋಲ್‌ಕೀಪರ್, ಅದೇ ಚಿತ್ರ, ಹಿಂಬದಿಯಲ್ಲಿ ಮಾತ್ರ ಕೆಂಪು ಅಕ್ಷರ ಇರುವ ಕಾರ್ಡು ಬಲು ಅಪರೂಪ. ಅದಿಲ್ಲದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವರು ಕನ್ನಡಿಯ ಪಕ್ಕ ನೋಡಿ ನೆಟ್ಟಗಾದರು. ಹಸಿರು ಅಂಗಿಯ ಗೋಲ್‌ಕೀಪರ್ ಗೋಡೆಗೆ ಅಂಟಿಕೊಂಡಿದ್ದ.

"ಬಿಡಿಸಿ ಕೊಡು. ಗೋಡೆ ನನ್ನದು, ಅದಕ್ಕೆ ಅಂಟಿದ್ದೂ ನನ್ನದೇ."

"ನಿಮ್ಮದೇ ಸ್ವಾಮಿ," ಎಂದ ತಿಪ್ಪೇಶ, ಕತ್ತಿ ಮಸೆಯುತ್ತಾ. "ಆದ್ರೆ ಗೋಡೆ ನೆಂದಿದೆ. ಈಗ ಕಿತ್ರೆ ಮುಖ ಕೈಗೆ ಬರುತ್ತೆ, ಬೆನ್ನು ಗೋಡೆಲೇ ಉಳಿಯುತ್ತೆ."

ಮಾರನೆಯ ದಿನವೇ ಗಾರೆಯವರು ಬಂದು ಸೂರು ಸರಿಮಾಡಿದರು. ಗೋಡೆ ಒಣಗಿತೇ ಎಂದು ಗುರುಮೂರ್ತೆಪ್ಪನವರು ದಿನಾ ಬಂದು ಮುಟ್ಟಿ ನೋಡಿದರು. ಕಡೆಗೆ ತಿಪ್ಪೇಶ ಕತ್ತಿಯ ಅಂಚಿನಿಂದ ಕಾರ್ಡನ್ನು ನಾಜೂಕಾಗಿ ಬಿಡಿಸಿ ತಿರುಗಿಸಿದ.

ನೀಲಿ.

ಮಾಲೀಕರು ಬಗ್ಗಿ ಇನ್ನೊಮ್ಮೆ ನೋಡಿದರು. ತಿಪ್ಪೇಶ ಕಾರ್ಡನ್ನು ಒರೆಸಿ ಅವರ ಕೈಗಿಟ್ಟ.

"ಬೇಜಾರು ಮಾಡ್ಕೋಬೇಡಿ ಸ್ವಾಮಿ. ಇಂಥದ್ದೇ ಇನ್ನೊಂದನ್ನ ಹಿಂದಿನ ಕೋಣೆಲಿ ಅಂಟಿಸಿದೀನಿ. ಅಲ್ಲಿ ಸ್ವಲ್ಪ ಜಾಸ್ತಿ ಸೋರುತ್ತೆ."