ಹುಲ್ಲಿಗೆ ಜ್ವರ ಬಂದದ್ದು

ನಗೋದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ತೆರೆದ ಬಾಯಿ ತೆರೆದಂಗೇ ಇರುತ್ತೆ. ಹೊಂಬಾಳಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಮೈಯಲ್ಲಿ ಜೋಡೆತ್ತಿನ ಕಸುವು, ತಲೆಯಲ್ಲಿ ಬರೀ ಗಾಳಿ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ! ಇಂಥವನಿಗೆ ಹೆಣ್ಣು ಕೊಡೋರು ಯಾರು ಅಂತ ಹೊಂಬಾಳಮ್ಮ ಕೊರಗಿ ಕೊರಗಿ ಸೊರಗಿದ್ದಳು.

ಕೊನೆಗೆ ಅವಳ ಅಣ್ಣ ಸಣ್ಣೀರಪ್ಪ ಒಂದು ಸಂಬಂಧ ಹುಡುಕಿದ. "ಹೆಣ್ಣಿನಪ್ಪ ಜವರಪ್ಪ ಹುಡುಗನ ಮುಖ ನೋಡಾಕಿಲ್ಲ ಕಣಮ್ಮಿ. ಮನೆ ಮುಂದೆ ಹುಲ್ಲೆಷ್ಟದೆ, ತಿಪ್ಪೆ ಎಷ್ಟೆತ್ತರ ಅದೆ, ಅದ ನೋಡ್ತಾನೆ" ಅಂದ.

ಆ ವರ್ಷ ಊರ ಪಕ್ಕದ ತೋಪಿನಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಬೇಕಾದವರು ಕುಯ್ದುಕೊಳ್ಳಬಹುದಿತ್ತು. "ಹೋಗು ಮಗಾ, ಕುಯ್ದಿದ್ದನ್ನೆಲ್ಲ ತಂದು ಮನೆಗೆ ತುಂಬು" ಅಂದಳು ತಾಯಿ.

ನೀರು ಹೊತ್ತು ಬಂದು ನೋಡುತ್ತಾಳೆ, ಬಾಗಿಲೇ ತೆಗೆಯಲು ಬರುತ್ತಿಲ್ಲ! ದಬ್ಬಿ ದಬ್ಬಿ ಒಳಗೆ ನುಗ್ಗಿದರೆ ಒಲೆಯಲ್ಲಿ ಹುಲ್ಲು! ಮುದ್ದೆ ಮಡಕೆಯಲ್ಲಿ ಹುಲ್ಲು! ಗೂಡಿನಲ್ಲಿದ್ದ ದೇವರೇ ಕಾಣದಷ್ಟು ಹುಲ್ಲು!

"ಅಯ್ಯಯ್ಯೋ! ಏನ್ಲಾ ಇದು?"

"ತುಂಬು ಅಂದ್ಯಲ್ಲವ್ವ, ತುಂಬಿವ್ನಿ. ಇನ್ನೊಂದು ಹೊರೆ ಮಿಕ್ಕದೆ, ಎಲ್ಲಿಗೆ ತುರುಕ್ಲಿ?"

"ಹಸೀದ ಯಾರಾದ್ರೂ ಒಳಕ್ಕೆ ತತ್ತಾರೇನ್ಲಾ, ಮಂಕೆ! ಹಸಿ ಇದ್ರೆ ಬಿಸಿಲಿಗೆ ಹಾಕಿ, ಮಗ್ಗುಲು ಮಗ್ಗುಲಿಗೂ ತಿರುವಿ ತಿರುವಿ ಒಣಗಿಸ್ಬೇಕು!"

"ಹೂಂ ಕಣವ್ವ."

ಆ ಹುಲ್ಲನ್ನೆಲ್ಲ ಬೀದಿಗೆ ಎಳೆದು ಹಾಕುವಷ್ಟರಲ್ಲಿ ಊರ ದನಗಳು ಮೇಯ್ದು ಮುಗಿಸಿದವು.

ಮಾರನೇ ದಿನ, ಜವರಪ್ಪ ಯಾವತ್ತು ಬರ್ತಾನೆ ಅಂತ ತಿಳಿಸಲು ಸಣ್ಣೀರಪ್ಪ ಬಂದ. ಕಾಲುವೆ ದಾಟುವಾಗ ಜಾರಿ ಬಿದ್ದು ತಲೆಯಿಂದ ಕಾಲತನಕ ತೊಯ್ದಿದ್ದ. ಹಿತ್ತಲಿಂದ ಹೊಂಬಾಳಮ್ಮ ಬಂದು ನೋಡುತ್ತಾಳೆ, ಕಾದ ಬಂಡೆಯ ಮೇಲೆ ಅಣ್ಣ ಅಂಗಾತ ಬಿದ್ದಿದ್ದಾನೆ, ಮಗ ಕವೆಗೋಲು ಹಿಡಿದು ಅವನನ್ನು ಮಗುಚಿ ಹಾಕುತ್ತಿದ್ದಾನೆ!

"ಒಂದು ಮಗ್ಗುಲು ಒಣಗ್ತು ಕಣವ್ವ, ಈ ಮಗ್ಗುಲು ಇನ್ನೂ ಹಸಿ!"

"ಅಯ್ಯೋ ಪಾಪಿ! ನಿನ್ನ ಸೋದರಮಾವ ಕಣ್ಲಾ! ಮನೆಗೆ ಬಂದದ್ದನ್ನ ನೆರಳಲ್ಲಿ ಕೂರ್ಸಿ, ಹೊಟ್ಟೆ ತುಂಬ ನೀರು ಕೊಟ್ಟು, ಕಂಬಳಿ ಹೊದಿಸಿ ಬೆಚ್ಚಗಿಡ್ಬೇಕು!"

"ಹೂಂ ಕಣವ್ವ."

ಬೋರಲಿಂಗ ತೋಪಿಗೆ ಹೋಗಿ ಉಳಿದ ಹುಲ್ಲನ್ನೆಲ್ಲ ಕುಯ್ದು ತಂದ. ಹುಲ್ಲೂ ಮನೆಗೆ ಬಂದದ್ದೇ ತಾನೇ? ಹುಣಸೆಮರದ ನೆರಳಲ್ಲಿ ಒಟ್ಟಿದ, ಕೊಡಗಟ್ಟಲೆ ನೀರು ಕುಡಿಸಿದ, ಇದ್ದ ಒಂದೇ ಕಂಬಳಿ ಹೊದಿಸಿದ. ದಿನ ಕಳೆಯಿತು. ಒಂದು ಬೆಳಗ್ಗೆ ಏದುಸಿರು ಬಿಡುತ್ತಾ ಓಡಿಬಂದ.

"ಅವ್ವೋ! ಹುಲ್ಲಿಗೆ ಜ್ವರ ಬಂದದೆ!"

ಹೊಂಬಾಳಮ್ಮ ರಾಶಿಯೊಳಕ್ಕೆ ಕೈ ತೂರಿಸಿ ಕಿಟಾರನೆ ಕಿರುಚಿದಳು. ಸುಡುತ್ತಿದೆ! ಹೊಗೆಯಾಡುತ್ತಿದೆ! ಕಂಬಳಿ ಮುಗ್ಗಿ ನಾರುತ್ತಿದೆ! ಜವರಪ್ಪ ಬರುವುದು ನಾಳೆ!

"ಹಾಳಾದೋನೇ! ಮೈ ಬಿಸಿಯಾದ ಮೇಲೆ ಇನ್ಯಾತಕ್ಕೂ ಬರಾಕಿಲ್ಲ! ತಗಂಡೋಗಿ ತಿಪ್ಪೆಗುಂಡಿಗೆ ಹಾಕಿ, ಸಗಣಿ ನೀರು ಹುಯ್ದು, ಮಣ್ಣು ಮುಚ್ಚು! ಆರು ತಿಂಗಳಿಗೆ ಚಿನ್ನದಂಥ ಗೊಬ್ಬರವಾದ್ರೂ ಆಯ್ತದೆ!"

"ಹೂಂ ಕಣವ್ವ."

ಈ ಸಲ ಮಗ ಹುಲ್ಲಿಗೆ ಹೇಳಿದ್ದನ್ನು ಹುಲ್ಲಿಗೇ ಮಾಡಿದ! ತಿಪ್ಪೆ ಆಳೆತ್ತರ ಎದ್ದು ನಿಂತಿತು. ಹೊಂಬಾಳಮ್ಮನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ, ಸಂತೋಷಕ್ಕೆ ಅತ್ತೇಬಿಟ್ಟಳು.

ಮಾರನೇ ದಿನ ಉರಿಬಿಸಿಲಲ್ಲಿ ಜವರಪ್ಪ ಬಂದ. ತಿಪ್ಪೆಗೆ ಒಂದು ಸುತ್ತು ಹಾಕಿದ, ಮೀಸೆ ತೀಡಿದ. "ಬದುಕು ಮಾಡೋ ಮನೆ ಕಣವ್ವ ಇದು. ನನ್ನ ಮಗಳ ಕೊಟ್ಟೆ ಅಂತ್ಲೇ ತಿಳ್ಕೊಳವ್ವ" ಅಂದ. ಹೊಂಬಾಳಮ್ಮ ತಾಂಬೂಲ ತರಲು ಒಳಕ್ಕೆ ಓಡಿದಳು. ಸೀರೆ ಬದಲಾಯಿಸಿದಳು, ಕಾಯಿ ಹುಡುಕಿದಳು, ಎಲೆ ಅಡಿಕೆ ಜೋಡಿಸಿದಳು. ಜಗಲಿಯಿಂದ ಮಾತು ಕೇಳಿಸುತ್ತಿತ್ತು.

"ಏನು ಬಿಸಿಲಪ್ಪಾ! ಮೈಯೆಲ್ಲ ಕಾದೋಗದೆ. ಮುಟ್ಟಿ ನೋಡು ಅಳಿಯ."

"ಹೌದಲ್ಲ ಮಾವ, ಬಿಸಿ!"

ಅಳಿಯ ಅಂದೇಬಿಟ್ಟ! ಹೊಂಬಾಳಮ್ಮ ಹಿಗ್ಗಿ ಹೀರೇಕಾಯಿಯಾಗಿ ತಟ್ಟೆ ಹಿಡಿದು ಹೊರಗೆ ಬಂದರೆ ಜಗಲಿ ಬರಿದು. ತಿಪ್ಪೆಯ ಕಡೆ ನೋಡಿದಳು. ಕತ್ತಿನವರೆಗೆ ಮಣ್ಣು. ಮಣ್ಣಿನ ಮೇಲೊಂದು ತಲೆ. ತಲೆಯ ಮೇಲಿಂದ ಸಗಣಿ ನೀರು ಮೀಸೆಗೆ ಇಳಿಯುತ್ತಿದೆ! ಕೈಯಲ್ಲಿದ್ದ ತಟ್ಟೆ ಠಣ್ಣೆಂದು ಬಿತ್ತು.

"ಅಯ್ಯೋ! ಬೀಗರು ಕಣ್ಲೋ! ಬೀಗರು!"

ಬೋರಲಿಂಗ ಗುದ್ದಲಿ ಊರಿ ಬೆವರು ಒರೆಸಿಕೊಂಡ.

"ಯಾಕವ್ವ ಬಾಯಿ ಬಡ್ಕೋತೀಯ? ಆರು ತಿಂಗಳು ತಡ್ಕೊ, ಚಿನ್ನದಂಥ ಮಾವ ಆಯ್ತಾನೆ!"